ಹನ್ನೊಂದು ಸಾಲು

ಹಾಸ್ಟೆಲ್
ಜೂನ್ 14

ಅಪ್ಪನಿಗೆ,

ಫಿಟ್ಟರ್ ತರಬೇತಿಗೆ ಬಂದು ಹತ್ತು ದಿನವಾಯಿತು. ಹಾಸಿಗೆ ಸಿಕ್ಕಿದೆ, ಬೀಗವಿರುವ ಕಪಾಟು ಸಿಕ್ಕಿದೆ, ಜಗಳವಾಡಲು ಇಬ್ಬರು ಗೆಳತಿಯರೂ ಸಿಕ್ಕಿದ್ದಾರೆ. ನನ್ನ ಚಿಂತೆ ಬಿಡು. ನಮ್ಮ ಫೋನುಗಳನ್ನೆಲ್ಲ ವಾರ್ಡನ್ ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡಿದ್ದಾರೆ. ಭಾನುವಾರ ಆಫೀಸಿನ ಫೋನಿನಲ್ಲಿ ಐದು ನಿಮಿಷ ಮಾತು, ಅದೂ ಹಿಂದೆ ಸಾಲು ನಿಂತ ಹುಡುಗಿಯರೆಲ್ಲ ಕಿವಿ ನಿಮಿರಿಸಿಕೊಂಡಿರುವಾಗ. ಎಡಗೈ ಪಳಗಲು ದಿನಾ ಒಂದು ಪುಟ ಬರೆಯಬೇಕೆಂದು ಡಾಕ್ಟರು ನಿನಗೆ ಹೇಳಿದ್ದಾರಲ್ಲ, ಆ ಪುಟಗಳನ್ನು ಇನ್ನು ನನಗೇ ಬರೆದು ಕಳಿಸು.

ಇವತ್ತು ಇಂಗ್ಲಿಷ್ ಮೇಡಂ ಒಂದು ಹಾಳೆ ಹಂಚಿದರು. ಪರೀಕ್ಷೆಯಲ್ಲಿ ಇಲ್ಲದಿದ್ದರೂ, ಯಾರೂ ಬೆನ್ನು ಹತ್ತದಿದ್ದರೂ, ನೀವಾಗಿಯೇ ಇಂಗ್ಲಿಷ್ ಕಲಿಯುತ್ತಿರುವುದು ಯಾಕೆ ಅಂತ ಪ್ರಶ್ನೆ. ಕೆಳಗೆ ಚೌಕಗಳು: ಕೆಲಸಕ್ಕೆ, ಪರದೇಶಕ್ಕೆ, ಸಿನಿಮಾ ಹಾಡಿಗೆ, ನಾಲ್ಕು ಜನರ ಮುಂದೆ ಮರ್ಯಾದೆಗೆ, ಇತರೆ. ಆ ಇಬ್ಬರು ಗೆಳತಿಯರಲ್ಲಿ ಉದ್ದಜಡೆ ಅನ್ನುವವಳು ಮರ್ಯಾದೆಗೆ ಗುರುತು ಹಾಕಿದಳು. ಅವಳ ಭಾವ ಊಟಕ್ಕೆ ಕೂತಾಗಲೆಲ್ಲ ಇವಳ ಬಗ್ಗೆ ಇಂಗ್ಲಿಷಿನಲ್ಲಿ ಏನೋ ಅಂದು ನಗುತ್ತಾನಂತೆ. ಏನು ಅನ್ನುತ್ತಾನೆ ಅಂತ ತಿಳಿದುಕೊಂಡು, ಅದೇ ಭಾಷೆಯಲ್ಲಿ ಅವನ ಮುಖದ ನೀರಿಳಿಸುವುದು ಅವಳ ಗುರಿ. ರೇಡಿಯೋ ಅಂತ ನಾವು ಕರೆಯುವವಳು ಹಾಡಿಗೆ ಹಾಕಿದಳು. ಎರಡು ವರ್ಷದಿಂದ ತಮ್ಮನನ್ನು ಮಲಗಿಸಲು ಹಾಡುತ್ತಿದ್ದದ್ದು ಬೀದಿ ಜಗಳದ ಹಾಡು ಅಂತ ಅವಳಿಗೆ ಮೊನ್ನೆ ಗೊತ್ತಾಯಿತು.

ನಾನು ಕೆಲಸಕ್ಕೆ ಅಂತ ಹಾಕಿದೆ. ಸುಳ್ಳು. ನಿನಗೆ ನಿಜ ಹೇಳುತ್ತೇನೆ, ಬೈಯಬೇಡ.

ನಿನ್ನ ಕೈ ಹೋದ ಮೇಲೆ ಕಾರ್ಖಾನೆಯವರು ಆಸ್ಪತ್ರೆಗೆ ತಂದ ಕಾಗದ ನಿನ್ನ ತಗಡಿನ ಪೆಟ್ಟಿಗೆಯಲ್ಲಿದೆಯಲ್ಲ, ಆಗಲೇ ಅದನ್ನು ಒಂದು ದಿನ ಕದ್ದು ತೆಗೆದಿದ್ದೆ. ಹದಿಮೂರು ವರ್ಷದವಳಿಗೆ ಅಷ್ಟು ಇಂಗ್ಲಿಷ್ ಎಲ್ಲಿಂದ ಬರಬೇಕು? ಚಿತ್ರ ಬಿಡಿಸಿದ ಹಾಗೆ ಲೆಕ್ಕದ ಪುಸ್ತಕದ ಹಿಂದೆ ನಕಲು ಮಾಡಿಕೊಂಡೆ. ಹನ್ನೊಂದು ಸಾಲು ಆಗುವಷ್ಟರಲ್ಲಿ ಅಮ್ಮ ಬಂದಳು. ಒಂದು ಪದಕ್ಕೆ ಇನ್ನೊಂದನ್ನು ಅಂಟಿಸಿಬಿಟ್ಟಿದ್ದೇನೆ, ಒಂದೊಂದು ಸಾಲು ಬಿಡಿಸಲು ವಾರ ಬೇಕು. ಆದರೂ ಬಿಡಿಸುತ್ತೇನೆ. ತಗಡು ಒತ್ತುವ ಪ್ರೆಸ್ ಕೆಟ್ಟು ತಾನಾಗಿ ಇಳಿಯಿತು ಅಂತ ನೀನು ಹೇಳಿದೆ. ಕೆಟ್ಟ ಮಷಿನ್ ಇಟ್ಟವರು ನಿನ್ನನ್ನು ಗೇಟು ಕಾಯಲು ಕೂರಿಸಿ ಕೈ ತೊಳೆದುಕೊಂಡರು. ಅವರು ಆ ಕಾಗದದಲ್ಲಿ ಏನು ಬರೆದುಕೊಂಡಿದ್ದಾರೆ ಅಂತ ನನಗೆ ಓದಲೇಬೇಕು. ಪೂರ್ತಿ ಕಾಗದ ಕಳಿಸಿದರೆ ನನ್ನ ಕೆಲಸ ಹಗುರವಾಗುತ್ತದೆ.

ನಿನ್ನ ಮಗಳು,
ಪುಟ್ಟಿ

*

ಮನೆ
ಜೂನ್ 23

ಮಗಳೇ,

ಅಕ್ಷರ ನೋಡಿ ನಗಬೇಡ. ಬಲಗೈ ಹತ್ತನೇ ತರಗತಿ ಪಾಸು ಮಾಡಿತ್ತು, ಈ ಎಡಗೈ ಇನ್ನೂ ಒಂದನೇ ತರಗತಿಯಲ್ಲಿ ಕೂತು ಅಳುತ್ತಿದೆ. ಈ ಪುಟಕ್ಕೆ ಎರಡು ದಿನ ಹಿಡಿಯಿತು.

ನಿನ್ನ ಅಮ್ಮ ಮುಚ್ಚಳ ಎಣಿಸಿ ಡಬ್ಬಿಗೆ ತುಂಬುವ ಪ್ಯಾಕಿಂಗ್ ವಿಭಾಗದಲ್ಲೇ ಇದ್ದಾಳೆ. ನಾನು ಗೇಟಿನಲ್ಲಿ ಕೂತು ಬಂದವರಿಗೆ ಸಲಾಮು, ಹೋದವರಿಗೆ ಸಲಾಮು. ಸಲಾಮಿಗೆ ಎಡಗೈ ಸಾಲದು ಅಂತ ಸೂಪರ್‌ವೈಸರ್ ಮುಖ ಸಿಂಡರಿಸುತ್ತಾನೆ.

ಆ ಕಾಗದ ಇಲಿ ತಿಂದು ಹೋಯಿತು. ಅದರಲ್ಲಿ ಏನೂ ಇರಲಿಲ್ಲ, ಎಲ್ಲ ಕಾಗದದಲ್ಲೂ ಇರುವುದೇ ಇತ್ತು. ಮಷಿನ್ ಕೆಟ್ಟಿತ್ತು, ಕೈ ಹೋಯಿತು, ಮುಗಿಯಿತು. ಇಲ್ಲದ ಉಸಾಬರಿ ಬಿಟ್ಟು ಫಿಟ್ಟರ್ ಕೆಲಸ ಕಲಿ. ಇಂಗ್ಲಿಷ್ ಬೇಕಾದರೆ ಹಾಡು ಕೇಳಿ ಕಲಿ, ಆ ರೇಡಿಯೋ ಹುಡುಗಿಯ ಹಾಗೆ. ಹಳೆಯ ಪುಸ್ತಕ ಹರಿದು ಬಿಸಾಕು.

ನಿನ್ನ ಅಪ್ಪ

*

ಹಾಸ್ಟೆಲ್
ಜುಲೈ 2

ಅಪ್ಪ,

ತಗಡಿನ ಪೆಟ್ಟಿಗೆಯೊಳಗೆ ಇಲಿ ಹೋಗಿ ಕಾಗದ ತಿಂದಿತೇ? ಬೀಗದ ಕೈ ನೀನೇ ಕೊಟ್ಟಿರಬೇಕು. ಸುಳ್ಳು ಹೇಳಲು ನಿನಗೆ ಬಲಗೈಯಲ್ಲೂ ಬರುತ್ತಿರಲಿಲ್ಲ.

ನಾಲ್ಕು ಸಾಲು ಮುಗಿಯಿತು. ತಾರೀಖು, ನಿನ್ನ ವಯಸ್ಸು, ಎಷ್ಟು ವರ್ಷದ ಕೆಲಸ, ಮೂರನೇ ನಂಬರಿನ ಪ್ರೆಸ್, ಊಟದ ಗಂಟೆಗೆ ಹತ್ತು ನಿಮಿಷ ಮೊದಲು. ನಾನು ಹೇಗೆ ಕಲಿಯುತ್ತೇನೆ ಗೊತ್ತಾ? ಪುಸ್ತಕದಲ್ಲಿ ಪಾಠ ಮಾಡುವ ಇಂಗ್ಲಿಷ್ ಆ ಕಾಗದದಲ್ಲಿ ಇಲ್ಲ. ಅಲ್ಲಿ ಯಾರೂ ಮಾರುಕಟ್ಟೆಗೆ ಹೋಗುವುದಿಲ್ಲ, ಯಾರೂ ಗುಲಾಬಿ ನೋಡಿ ಖುಷಿಪಡುವುದಿಲ್ಲ. ಹಾಗಾಗಿ ಔಷಧಿ ಡಬ್ಬಿಯೊಳಗಿನ ಚೀಟಿ, ಬೆಂಕಿ ಆರಿಸುವ ಸಿಲಿಂಡರಿನ ಮೇಲಿನ ಬರಹ, ವಾರ್ಡನ್ ಬಾಗಿಲಿಗೆ ಅಂಟಿಸಿದ ನಿಯಮ, ಇವನ್ನೇ ಓದುತ್ತೇನೆ. ಉದ್ದಜಡೆ, "ನಿಂಗೆ ತಲೆ ಕೆಟ್ಟಿದೆ ಕಣೇ, ತಲೆನೋವಿನ ಮಾತ್ರೆ ಚೀಟಿ ಓದ್ತಾ ಓದ್ತಾ ತಲೆನೋವು ಬರಿಸ್ಕೊಳ್ತೀಯ" ಅನ್ನುತ್ತಾಳೆ.

ಅವರಿಬ್ಬರಿಗೆ ನಿನ್ನ ಪ್ರೆಸ್ಸಿನ ಕಥೆ ಹೇಳಿದೆ. ಬಲಗಡೆ ಒಂದು ಗುಂಡಿ, ಎಡಗಡೆ ಒಂದು ಗುಂಡಿ, ಎರಡನ್ನೂ ಎರಡು ಕೈಯಿಂದ ಒತ್ತಿದರೆ ಪ್ರೆಸ್ ಇಳಿದು ತಗಡನ್ನು ಮುಚ್ಚಳ ಮಾಡುತ್ತದೆ. ಹಾಗೆ ಮಾಡುತ್ತ ಕೂತರೆ ದಿನದ ಮುಚ್ಚಳ ಮುಗಿಯುವುದಿಲ್ಲ ಅಂತ ಪ್ರೆಸ್ ಇರುವ ಶಾಪಿನವರೆಲ್ಲ ಬಲಗಡೆಯ ಗುಂಡಿ ಒತ್ತಿಕೊಂಡೇ ಇರುವಂತೆ ಒಂದು ಬೆಣೆ ಸಿಕ್ಕಿಸಿ, ಎಡಗೈಯಲ್ಲಿ ಒತ್ತುತ್ತ ಬಲಗೈಯಲ್ಲಿ ತಗಡು ಇಡುತ್ತಿದ್ದಿರಿ. ಬೆಣೆಗೆ ಮೂರನೇ ಕೈ ಅಂತ ಹೆಸರು. ನಿನ್ನ ಮರದ ಬೆಣೆ ಜಾರುತ್ತದೆ ಅಂತ ನನ್ನ ಹಳೆಯ ಚಪ್ಪಲಿ ಕತ್ತರಿಸಿ ಒಂದು ಮಾಡಿಕೊಟ್ಟಿದ್ದೆ, ನೆನಪಿದೆಯಾ? ಊಟದ ಡಬ್ಬಿ ತಂದಾಗಲೆಲ್ಲ ಅಳತೆ ನೋಡಿ ನೋಡಿ ಕೆತ್ತಿದ್ದು. ನೀನು ಅದನ್ನು ಇಡೀ ಶಾಪಿಗೆ ತೋರಿಸಿ, "ನನ್ನ ಮಗಳು ಇಂಜಿನಿಯರು" ಅಂದೆ. ಆಮೇಲೆ ಅದನ್ನು ವಾರದೊಳಗೇ ಕಳೆದುಬಿಟ್ಟೆ ಅಂತ ಆಸ್ಪತ್ರೆಯಲ್ಲಿ ಹೇಳಿದಾಗ ನಾನು ಮುನಿಸಿಕೊಂಡಿದ್ದೆ. ನಿನಗೆ ಕೈ ಇಲ್ಲ, ನನಗೆ ಬೆಣೆಯ ಚಿಂತೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮುಂದಿನ ಸಾಲುಗಳಲ್ಲಿ ಮಷಿನ್ ವಿಷಯ ಬರುತ್ತದೆ. ಬರೆಯುತ್ತೇನೆ.

ಪುಟ್ಟಿ

*

ಮನೆ
ಜುಲೈ 10

ಪುಟ್ಟಿ,

ತಮಾಷೆ ಸಾಕು. ನಿಲ್ಲಿಸು ಅಂದರೆ ನಿಲ್ಲಿಸಬೇಕು.

ಆ ಕಾಗದದ ಮೇಲೆಯೇ ನನ್ನ ಗೇಟಿನ ಕೆಲಸ ನಿಂತಿದೆ. ಅದನ್ನು ಕೆದಕಿದ ದಿನ ನಾನೂ ನಿನ್ನ ಅಮ್ಮನೂ ಬೀದಿಗೆ ಬೀಳುತ್ತೇವೆ, ನಿನ್ನ ಹಾಸ್ಟೆಲ್ಲೂ ಇಲ್ಲ, ಫಿಟ್ಟರ್ ಕೆಲಸವೂ ಇಲ್ಲ. ಇನ್ನೊಂದು ಸಾಲು ಓದಿದೆ ಅಂತ ಪತ್ರ ಬಂದರೆ ನಾನೇ ಬಂದು ನಿನ್ನನ್ನು ಮನೆಗೆ ಎಳೆದುಕೊಂಡು ಬರುತ್ತೇನೆ. ಒಂದು ಕೈ ಸಾಕು ಅದಕ್ಕೆ.

ಅಪ್ಪ

*

ಹಾಸ್ಟೆಲ್
ಜುಲೈ 27

ಅಪ್ಪ,

ಎರಡು ವಾರ ಬರೆಯಲಿಲ್ಲ. ಸಿಟ್ಟಿತ್ತು. ಇಷ್ಟು ವರ್ಷದಲ್ಲಿ ನೀನು ನನ್ನನ್ನು ಎಳೆದುಕೊಂಡು ಬರುತ್ತೇನೆ ಅಂತ ಒಂದು ದಿನವೂ ಅಂದಿರಲಿಲ್ಲ. ಭಾನುವಾರ ಫೋನಿನಲ್ಲಿ ನೀನು ಊಟ ಆಯಿತಾ ಅಂದೆ, ನಾನು ಆಯಿತು ಅಂದೆ. ನಾಲ್ಕು ನಿಮಿಷ ಬಾಕಿ ಇರುವಾಗಲೇ ನಾನು ಫೋನನ್ನು ಹಿಂದಿನವಳಿಗೆ ಕೊಟ್ಟುಬಿಟ್ಟೆ.

ನೀನು ಯಾರಿಗೋ ಹೆದರುತ್ತಿದ್ದೀಯ. ನೀನು ಹೆದರಿದಷ್ಟೂ ನನಗೆ ಆ ಸಾಲುಗಳ ಮೇಲೆ ಹಟ ಬರುತ್ತಿದೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಮೆಟ್ಟಿಲ ಕೆಳಗೆ ನಿಘಂಟು ಹಿಡಿದು ಕೂರುತ್ತೇನೆ. ತರಗತಿಯಲ್ಲಿ ನನಗೆ ಇಷ್ಟು ತಾಳ್ಮೆ ಯಾವತ್ತೂ ಇರಲಿಲ್ಲ.

ಎಂಟು ಸಾಲು ಆಯಿತು. ಐದರಿಂದ ಏಳರವರೆಗೆ, ಅಪಘಾತವಾದ ಮೇಲೆ ಪ್ರೆಸ್ಸನ್ನು ಪರೀಕ್ಷಿಸಿದರು, ಅದು ಸರಿಯಾಗಿಯೇ ಕೆಲಸ ಮಾಡುತ್ತಿತ್ತು ಅಂತ ಬರೆದಿದ್ದಾರೆ. ನೋಡಿದೆಯಾ ಅವರ ಸುಳ್ಳು! ನೀನು ಕಣ್ಣಾರೆ ಕಂಡಿದ್ದೀಯ, ತಾನಾಗಿ ಇಳಿಯಿತು ಅಂತ. ಎಂಟನೇ ಸಾಲು: ಬಲಗಡೆಯ ಗುಂಡಿಯಲ್ಲಿ ಸಿಕ್ಕಿಸಿದ್ದ ಒಂದು ತುಂಡು ಪತ್ತೆಯಾಯಿತು. ಯಾವುದರ ತುಂಡು ಅನ್ನುವುದು ಒಂಬತ್ತನೇ ಸಾಲಿನಲ್ಲಿದೆ. ಯಾರದೋ ಮರದ ಬೆಣೆಯನ್ನು ತಂದು ನಿನ್ನ ತಲೆಗೆ ಕಟ್ಟಿರಬೇಕು. ಶನಿವಾರದೊಳಗೆ ಅದನ್ನೂ ಬಿಡಿಸುತ್ತೇನೆ. ಆಮೇಲೆ ನಾವಿಬ್ಬರೂ ಕಾರ್ಮಿಕ ಕಚೇರಿಗೆ ಹೋಗೋಣ.

ಪುಟ್ಟಿ

*

ಮನೆ
ಜುಲೈ 30

ಮಗಳೇ,

ಹಾಸ್ಟೆಲ್ಲಿಗೆ ಎರಡು ಸಲ ಫೋನ್ ಮಾಡಿದೆ. ಭಾನುವಾರ ಅಲ್ಲ ಅಂತ ಇಟ್ಟುಬಿಟ್ಟರು. ಈ ಪತ್ರವನ್ನು ನಿನ್ನ ಹಾಸ್ಟೆಲ್ ಇರುವ ಊರಿಗೆ ಹೋಗುತ್ತಿರುವ ಲಾರಿ ಡ್ರೈವರ್ ಕೈಯಲ್ಲಿ ಕೊಟ್ಟಿದ್ದೇನೆ, ಬೇಗ ತಲುಪಲಿ.

ಒಂಬತ್ತನೇ ಸಾಲು ಓದಬೇಡ. ಬೈದದ್ದಕ್ಕೆ ತಪ್ಪಾಯಿತು. ಎಳೆದುಕೊಂಡು ಬರುತ್ತೇನೆ ಅಂದದ್ದಕ್ಕೂ ತಪ್ಪಾಯಿತು. ಅಪ್ಪ ಕೈ ಮುಗಿಯುತ್ತಿದ್ದಾನೆ ಅಂದುಕೊ. ಓದಬೇಡ ಕಂದ.

ಅಪ್ಪ

*

ಹಾಸ್ಟೆಲ್
ಆಗಸ್ಟ್ 4

ಅಪ್ಪ,

ನಿನ್ನ ಪತ್ರ ಸೋಮವಾರ ಬಂತು. ನಾನು ಶನಿವಾರವೇ ಓದಿದ್ದೆ.

ಒಂಬತ್ತು: ನೀಲಿ ರಬ್ಬರಿನ ತುಂಡು, ಚಪ್ಪಲಿಯಿಂದ ಕತ್ತರಿಸಿದ್ದು. ಹತ್ತು: ಕೆಲಸಗಾರನು ಅದನ್ನು ತಾನೇ ತಯಾರಿಸಿ ತಾನೇ ಇಟ್ಟಿರುತ್ತಾನೆ. ಹನ್ನೊಂದು: ಕಾರ್ಖಾನೆಯದಾಗಲಿ ಯಂತ್ರದ್ದಾಗಲಿ ಯಾವ ತಪ್ಪೂ ಇಲ್ಲ.

ಬೆಣೆ ಕಳೆದುಹೋಯಿತು ಅಂದಿದ್ದೆ ನೀನು.

ಭಾನುವಾರ ಫೋನ್ ಮಾಡಬೇಡ.

*

ಮನೆ
ಆಗಸ್ಟ್ 12

ಪುಟ್ಟಿ,

ಇನ್ನು ಬಚ್ಚಿಡಲು ಏನೂ ಉಳಿದಿಲ್ಲ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಅವತ್ತು ಒಂದು ತಗಡು ಓರೆಯಾಗಿ ಕೂತಿತ್ತು. ಸರಿಮಾಡೋಣ ಅಂತ ಬಲಗೈ ಒಳಗೆ ಹಾಕಿದೆ. ಎಡಗೈ ತನ್ನ ಪಾಡಿಗೆ ಗುಂಡಿ ಒತ್ತಿತು. ದಿನಕ್ಕೆ ಸಾವಿರಾರು ಸಲ ಒತ್ತಿ ರೂಢಿ, ಅದಕ್ಕೆ ನನ್ನನ್ನು ಕೇಳುವ ಅಭ್ಯಾಸವೇ ತಪ್ಪಿಹೋಗಿತ್ತು. ನಿನಗೆ ಈಗ ಬರೆಯುತ್ತಿರುವ ಈ ಎಡಗೈಯೇ ಒತ್ತಿದ್ದು. ನಿನ್ನ ಕೈಯಲ್ಲ.

ಆಸ್ಪತ್ರೆಗೆ ಸೂಪರ್‌ವೈಸರ್ ಕಾಗದ ತಂದ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಮೆಲ್ಲಗೆ ಹೇಳಿದ, "ಬೆಣೆ ಮಾಡಿದ್ದು ನಿನ್ನ ಮಗಳು ಅಂತ ಇಡೀ ಶಾಪಿಗೇ ಗೊತ್ತು. ಹಾಗಂತಲೇ ಬರೆಸ್ಲಾ? ಇಲ್ಲ, ನೀನೇ ಮಾಡ್ಕೊಂಡೆ ಅಂತ ಬರೆಸ್ಲಾ? ನೋಡು, ನಿನ್ನಿಷ್ಟ." ನೀನು ಆಗ ಹೊರಗೆ ಬೆಂಚಿನ ಮೇಲೆ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಬಾಗಿಲ ಸಂದಿಯಿಂದ ನಿನ್ನ ಒಂದು ಜಡೆ ಕಾಣುತ್ತಿತ್ತು. ನಾನು ಎಡಗೈ ಹೆಬ್ಬೆಟ್ಟು ಒತ್ತಿದೆ. ಓದು ಬರುವ ಮನುಷ್ಯ ಹೆಬ್ಬೆಟ್ಟು ಒತ್ತಿದ್ದು ಅದೇ ಮೊದಲು. ಆಮೇಲೆ ನಿನ್ನನ್ನು ಒಳಗೆ ಕರೆದು, ಮಷಿನ್ ಕೆಟ್ಟಿತ್ತು ಅಂದೆ.

ನೀನು ಇಂಗ್ಲಿಷ್ ಕಲಿಯುತ್ತೇನೆ ಅಂದಾಗಲೆಲ್ಲ ನಾನು ಹೋಗಿ ಪೆಟ್ಟಿಗೆಯ ಬೀಗ ಎಳೆದು ನೋಡುತ್ತಿದ್ದೆ. ಯಾವ ಅಪ್ಪ ಮಗಳು ದಡ್ಡಿಯಾಗಿರಲಿ ಅಂತ ಬೇಡಿಕೊಳ್ಳುತ್ತಾನೆ? ನಾನು ಬೇಡಿಕೊಂಡೆ.

ಎರಡು ಸಾಲು ಬರೆ. ಬೈದಾದರೂ ಬರೆ.

ಅಪ್ಪ

*

ಮನೆ
ಆಗಸ್ಟ್ 30

ಪುಟ್ಟಿ,

ಮೂರು ಭಾನುವಾರ ಕಳೆಯಿತು. ನೀನು ಫೋನಿಗೆ ಬರುತ್ತಿಲ್ಲ. ವಾರ್ಡನ್, ಹುಡುಗಿ ಆರೋಗ್ಯವಾಗಿದ್ದಾಳೆ, ಆದರೆ ವರ್ಕ್‌ಶಾಪಿಗೆ ಹೋಗುತ್ತಿಲ್ಲ, ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಿದ್ದಾಳೆ ಅಂದರು. ಉದ್ದಜಡೆ ಅಂದೆಯಲ್ಲ, ಆ ಹುಡುಗಿ ಫೋನು ಕಿತ್ತುಕೊಂಡು, "ನಿಘಂಟು ನನ್ನತ್ರ ಇದೆ ಅಂಕಲ್, ಹಾಕಕ್ಕೆ ಬಿಟ್ಟಿಲ್ಲ" ಅಂದಳು. ಅವಳಿಗೆ ಒಳ್ಳೆಯದಾಗಲಿ. ಅವಳ ಭಾವನ ಮುಖದ ನೀರು ಬೇಗ ಇಳಿಯಲಿ.

ನನ್ನ ಕಥೆ ಆಯಿತು. ಈಗ ಹೇಳುವುದು ನಿನ್ನ ಅಮ್ಮನ ವಿಷಯ. ಅವಳನ್ನು ಈ ತಿಂಗಳಿಂದ ಪ್ಯಾಕಿಂಗ್‌ನಿಂದ ತೆಗೆದು ಪ್ರೆಸ್ಸಿಗೆ ಹಾಕಿದ್ದಾರೆ. ಮೂರನೇ ನಂಬರು. ಮೊದಲ ದಿನವೇ ಸೂಪರ್‌ವೈಸರ್ ಅವಳ ಕೈಗೆ ಒಂದು ಹೊಸ ಬೆಣೆ ಕೊಟ್ಟನಂತೆ. ನಾನು ಬೇಡ, ಎರಡು ಕೈಯಲ್ಲಿ ಒತ್ತು ಅಂದರೆ, "ನೀವು ಎರಡು ಕೈ ಅಂತೀರಿ, ಅವರು ಮೂರು ಕೈಯಷ್ಟು ಕೆಲಸ ಕೇಳ್ತಾರೆ, ನಾನೇನು ಮಾಡ್ಲಿ?" ಅನ್ನುತ್ತಾಳೆ. ದಿನಾ ಬೆಳಗ್ಗೆ ಗೇಟು ತೆಗೆದು ನಾನೇ ಅವಳನ್ನು ಒಳಗೆ ಬಿಡುತ್ತೇನೆ. ಸಂಜೆ ಅವಳು ಹೊರಗೆ ಬರುವವರೆಗೆ ಒಳಗಿನಿಂದ ಯಾರಾದರೂ ಕೂಗಿದರೆ ಸಾಕು, ಗೇಟು ಬಿಟ್ಟು ಹತ್ತು ಹೆಜ್ಜೆ ಒಳಗೆ ಓಡುತ್ತೇನೆ.

ಮೂರನೇ ಪ್ರೆಸ್ಸಿನ ಬದಿಯಲ್ಲಿ ಒಂದು ಹಿತ್ತಾಳೆ ಫಲಕ ಇದೆ. ಇಂಗ್ಲಿಷಿನಲ್ಲಿ ಏನೋ ಕೊರೆದಿದ್ದಾರೆ. ಹದಿನಾರು ವರ್ಷ ನಾನು ಅದರ ಮೇಲೆ ನನ್ನ ಅಂಗಿ ನೇತುಹಾಕಿದೆ, ಒಂದು ದಿನವೂ ಅದು ಏನು ಅಂತ ಕೇಳಲಿಲ್ಲ. ನಿನ್ನೆ ರಜೆ. ಗೇಟಿನ ಬೀಗದ ಕೈ ನನ್ನ ಹತ್ತಿರವೇ ಇರುತ್ತದಲ್ಲ, ಒಳಗೆ ಹೋದೆ. ಇಂಗ್ಲಿಷ್ ಪರೀಕ್ಷೆಯನ್ನು ನಾನು ಬಾಯಿಪಾಠ ಮಾಡಿ ದಾಟಿದವನು. ಆ ಅಕ್ಷರಗಳನ್ನು ನೀನು ಮಾಡಿದ ಹಾಗೆಯೇ, ಚಿತ್ರ ಬಿಡಿಸಿದ ಹಾಗೆ, ಎಡಗೈಯಲ್ಲಿ ನಕಲು ಮಾಡಿಕೊಂಡೆ. ಮಧ್ಯಾಹ್ನವೆಲ್ಲ ಹಿಡಿಯಿತು. ಇದರ ಜೊತೆಗಿಟ್ಟಿದ್ದೇನೆ.

ಓದಬೇಡ ಅಂತ ಬರೆದ ಕೈಯಲ್ಲೇ ಬರೆಯುತ್ತಿದ್ದೇನೆ: ಓದು. ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ನಿನ್ನ ಮೇಲೆ ನಿನಗಿರುವ ಸಿಟ್ಟೂ ಇರಲಿ. ಅಮ್ಮನಿಗಾಗಿ ಓದಿ ಹೇಳು.

ಅಪ್ಪ

*

ಹಾಸ್ಟೆಲ್
ಸೆಪ್ಟೆಂಬರ್ 9

ಅಪ್ಪ,

ನಿನ್ನ ನಕಲು ನನ್ನದಕ್ಕಿಂತ ಚೆನ್ನಾಗಿದೆ. ಪದದ ನಡುವೆ ಜಾಗ ಬಿಟ್ಟಿದ್ದೀಯ.

ಒಂದು ತಿಂಗಳು ನಾನು ಯಾವ ಇಂಗ್ಲಿಷ್ ಅಕ್ಷರವನ್ನೂ ನೋಡಲಿಲ್ಲ. ನೀಲಿ ಬಣ್ಣ ಕಂಡರೆ ಬೇರೆ ಕಡೆ ತಿರುಗುತ್ತಿದ್ದೆ. ನಿನ್ನ ಪತ್ರ ಓದಿ ಮೊದಲು ಅಳು ಬಂತು, ಆಮೇಲೆ ಭಯ ಬಂತು. ಉದ್ದಜಡೆಯಿಂದ ನಿಘಂಟು ಇಸಿದುಕೊಂಡೆ. ಹನ್ನೊಂದು ಸಾಲಿಗೆ ಎರಡು ತಿಂಗಳು ಹಿಡಿದಿತ್ತು, ಈ ಫಲಕ ಒಂದೇ ಬೆಳಗ್ಗೆ ಮುಗಿಯಿತು.

ಕೇಳು. "ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಮಾತ್ರ ಯಂತ್ರ ಇಳಿಯುತ್ತದೆ. ಪ್ರತಿ ಸಲವೂ ಎರಡನ್ನೂ ಬಿಟ್ಟು ಮತ್ತೆ ಒತ್ತಬೇಕು. ಒಂದು ಗುಂಡಿ ಒತ್ತಿದಂತೆಯೇ ಉಳಿದರೆ ಯಂತ್ರ ಇಳಿಯುವುದಿಲ್ಲ. ಈ ರಕ್ಷಣೆಯನ್ನು ತೆಗೆದುಹಾಕಬೇಡಿ."

ಮೂರನೇ ವಾಕ್ಯವನ್ನು ಐದು ಸಲ ಓದಿದೆ. ನಂಬಲಿಲ್ಲ. ನಮ್ಮ ವರ್ಕ್‌ಶಾಪಿನಲ್ಲಿ ಅದೇ ಕಂಪನಿಯ ಪ್ರೆಸ್ ಇದೆ, ಅದೇ ಫಲಕ. ವರ್ಕ್‌ಶಾಪ್ ಮೇಷ್ಟ್ರ ಹತ್ತಿರ ಹೋಗಿ ಎಲ್ಲ ಹೇಳಿದೆ, ಆ ದಿನ ಗುಂಡಿಯಲ್ಲಿದ್ದ ಬೆಣೆ ಮಾಡಿದ್ದು ನಾನು ಅನ್ನುವುದನ್ನೂ ಹೇಳಿದೆ. ಬೇರೆಯವರ ಮುಂದೆ ಅದನ್ನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಅವರು ಚಾಕು ಕೊಟ್ಟರು. "ಇನ್ನೊಂದು ಮಾಡು, ನೋಡೇಬಿಡೋಣ" ಅಂದರು. ಕಾಲಿನಲ್ಲಿದ್ದ ಚಪ್ಪಲಿಯನ್ನೇ ಕತ್ತರಿಸಿದೆ. ಅಳತೆ ಮರೆತಿರಲಿಲ್ಲ. ಬಲಗಡೆಯ ಗುಂಡಿಗೆ ಸರಿಯಾಗಿ ಕೂತಿತು. ಮೇಷ್ಟ್ರು ಪ್ರೆಸ್ಸಿನ ಬಾಯಿಗೆ ಒಂದು ಮರದ ಕೋಲು ಇಟ್ಟು, ಒತ್ತು ಅಂದರು.

ಒತ್ತಿದೆ. ಮಷಿನ್ ಕದಲಲಿಲ್ಲ. ಮತ್ತೆ ಒತ್ತಿದೆ. ಇಪ್ಪತ್ತು ಸಲ ಒತ್ತಿದೆ ಅಪ್ಪ. ಕೋಲು ಹಾಗೆಯೇ ಇತ್ತು.

ಮೇಷ್ಟ್ರು ಹಿಂಬದಿಯ ಬಾಗಿಲು ತೆಗೆದು ಅಂಗೈಯಷ್ಟು ದೊಡ್ಡ ಒಂದು ಕಪ್ಪು ಡಬ್ಬಿ ತೋರಿಸಿದರು. "ಇದು ಇರೋವರೆಗೂ ನಿನ್ನ ಬೆಣೆ ಬರೀ ರಬ್ಬರು. ಇದನ್ನ ಕಿತ್ತು ವೈರು ಜೋಡಿಸಿದ್ರೆ ಮಾತ್ರ ಅದು ಮೂರನೇ ಕೈ. ಕಿತ್ತೋರು ಯಾರು ಅಂತ ಕೇಳಮ್ಮ" ಅಂದರು.

ಬೆಣೆ ನನ್ನದೇ. ಅಲ್ಲ ಅಂತ ಯಾವತ್ತೂ ಅನ್ನಲಾರೆ. ಆದರೆ ಅದಕ್ಕಿಂತ ಮೊದಲು ಇನ್ನೊಬ್ಬರು ಆ ಡಬ್ಬಿ ಕಿತ್ತಿದ್ದರು, ಕಾಗದದಲ್ಲಿ ಆ ಮಾತನ್ನು ಬಿಟ್ಟು ನನ್ನ ಚಪ್ಪಲಿಯ ಬಣ್ಣ ಬರೆದರು. ಅಮ್ಮನ ಮಷಿನ್ನಿನಲ್ಲಿ ಬೆಣೆ ಕೆಲಸ ಮಾಡುತ್ತಿದೆ ಅಂದರೆ ಇವತ್ತಿಗೂ ಆ ಡಬ್ಬಿ ಅಲ್ಲಿಲ್ಲ. ಫಲಕದ ಮಾತನ್ನು ಬೇರೆ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ನಮ್ಮ ಭಾಷೆಯಲ್ಲೇ ಬರೆದಿಟ್ಟಿದ್ದೇನೆ. ಅಮ್ಮನನ್ನು ಒಳಗೆ ಬಿಡಬೇಡ.

ಮೇಡಂ ಹತ್ತಿರ ನನ್ನ ಹಾಳೆ ವಾಪಸ್ ಕೇಳಿ, ಕೆಲಸ ಅನ್ನುವುದನ್ನು ಹೊಡೆದು ಹಾಕಿದೆ. ಇತರೆ ಅನ್ನುವಲ್ಲಿ, ಮಷಿನ್ ಮೇಲೆ ಬರೆದಿರುವುದನ್ನು ಅದರ ಮುಂದೆ ನಿಲ್ಲುವವರಿಗೆ ಓದಿ ಹೇಳಲು, ಅಂತ ಬರೆದೆ.

ನಿನ್ನ ಮಗಳು,
ಪುಟ್ಟಿ

*

ಮನೆ
ಸೆಪ್ಟೆಂಬರ್ 17

ಮಗಳೇ,

ಪತ್ರ ನಿನ್ನೆ ಸಂಜೆ ಬಂತು. ಇವತ್ತು ಬೆಳಗ್ಗೆ ನಾನು ಗೇಟು ತೆಗೆಯಲಿಲ್ಲ.

ಮೊದಲು ಬಂದದ್ದು ನಿನ್ನ ಅಮ್ಮ. "ಏನ್ರೀ, ಕೀ ಕಳ್ಕೊಂಡ್ರಾ?" ಅಂದಳು. ಇಲ್ಲ ಅಂದೆ. ಒಬ್ಬೊಬ್ಬರಾಗಿ ಎಲ್ಲರೂ ಬಂದು ರಸ್ತೆ ತುಂಬಿತು. ಸೂಪರ್‌ವೈಸರ್ ಬಂದು, "ಒಂಟಿ ಕೈಯವನಿಗೆ ಕೆಲಸ ಕೊಟ್ಟಿದ್ದೇ ತಪ್ಪಾಯ್ತು, ತೆಗೀತೀಯೋ ಇಲ್ವೋ?" ಅಂತ ಕೂಗಾಡಿದ. ನಾನು ಸ್ಟೂಲಿನ ಮೇಲೆ ಹತ್ತಿ ನಿನ್ನ ಹಾಳೆ ಓದಿದೆ. ಮೊದಲ ಸಲ ಹಿಂದೆ ನಿಂತವರಿಗೆ ಕೇಳಿಸಲಿಲ್ಲ, ಸುಳ್ಳು ಹೇಳುವುದಿಲ್ಲ. ಎರಡನೇ ಸಲ ಓದುವಾಗ ಕೇಳಿಸಿತು. ಬೆಣೆ ಮಾಡಿದ್ದು ನನ್ನ ಮಗಳು, ಇದನ್ನು ಓದಿ ಹೇಳಿದವಳೂ ಅವಳೇ ಅಂತಲೂ ಅಂದೆ. ನಾಲ್ಕು ವರ್ಷ ಯಾವ ಮಾತಿಗೆ ಹೆದರಿದ್ದೆನೋ ಅದು ಆಡಿದ ಮೇಲೆ ಅಷ್ಟೇನೂ ಭಾರವಿರಲಿಲ್ಲ.

ಜನ ಒಳಗೆ ಹೋಗಲಿಲ್ಲ. ನಿನ್ನ ಅಮ್ಮ ಸೆರಗಿನ ಗಂಟು ಬಿಚ್ಚಿ ತನ್ನ ಬೆಣೆ ತೆಗೆದು ಸೂಪರ್‌ವೈಸರ್ ಕೈಗಿಟ್ಟಳು. ಆಮೇಲೆ ಉಳಿದವರೂ ಕೊಟ್ಟರು. ಅವನಿಗೆ ಹಿಡಿಯಲು ಎರಡು ಕೈ ಸಾಲಲಿಲ್ಲ.

ನನ್ನ ಕೆಲಸ ಹೋಯಿತು ಅಂತಲೇ ತಿಳಿ. ಬೀಗದ ಕೈ ಇಸಿದುಕೊಂಡರು. ಮಧ್ಯಾಹ್ನ ಕಾರ್ಮಿಕ ಕಚೇರಿಗೆ ಹತ್ತು ಹನ್ನೆರಡು ಜನ ಹೋಗಿದ್ದೆವು. ಗುರುವಾರ ಅವರು ಬಂದು ಪ್ರೆಸ್ಸುಗಳ ಹಿಂಬದಿ ತೆಗೆಸಿ ನೋಡುತ್ತಾರಂತೆ. ಕಾಗದ ಏನಾದರೂ ಇದೆಯಾ ಅಂತ ಕೇಳಿದರು. ಇದೆ ಅಂದೆ. ಇಲಿ ತಿಂದಿಲ್ಲ.

ಮೇಷ್ಟ್ರಿಗೆ ಹೇಳಿ ರಜೆ ಹಾಕಿ ಬುಧವಾರವೇ ಬಾ. ನೀನು ನಕಲು ಮಾಡಿದ್ದು ಹನ್ನೊಂದು ಸಾಲು, ನಾನು ಹೆಬ್ಬೆಟ್ಟು ಒತ್ತಿದ್ದು ಎರಡು ಪುಟಕ್ಕೆ. ಹನ್ನೆರಡನೇ ಸಾಲಿನಿಂದ ಆಚೆ ಏನಿದೆಯೋ ನನಗೂ ಗೊತ್ತಿಲ್ಲ. ಪೆಟ್ಟಿಗೆಯ ಬೀಗ ತೆಗೆದಿಟ್ಟಿದ್ದೇನೆ. ನೀನು ಬಂದು ಓದು, ನಾನು ಪಕ್ಕದಲ್ಲಿ ಕೂತಿರುತ್ತೇನೆ.

ನಿನ್ನ ಅಪ್ಪ